ಐದು ವರ್ಷಗಳಲ್ಲಿ ಮುಗಿಯಬೇಕಿದ್ದ ಕಡಲಿನ ಗುಟ್ಟು

1998ನೇ ಇಸವಿ ಜನವರಿ 26, ಸೋಮವಾರ. ಆಧಾರ: ಬೈಂದೂರು ಸಮೀಪದ ಯುವಕ ಸಂಘವೊಂದರ ವಾರ್ಷಿಕೋತ್ಸವದ ಸ್ಮರಣ ಸಂಚಿಕೆ, ಪುಟ ನಲವತ್ತೊಂದು. ವಾರವನ್ನು ಆ ಸಾಲಿನ ಪಂಚಾಂಗದೊಂದಿಗೆ ತಾಳೆ ನೋಡಿದ್ದೇನೆ, ಸರಿಯಿದೆ. ಆ ಪುಟದಲ್ಲಿ, ಬಟ್ಟೆಯಂಗಡಿಯೊಂದರ ಶುಭಾಶಯದ ಜಾಹೀರಾತಿಗೆ ತಗುಲಿಕೊಂಡಂತೆ, ಈ ವಾಕ್ಯ ಅಚ್ಚಾಗಿದೆ: "ಇನ್ನು ಐದೇ ವರ್ಷಗಳಲ್ಲಿ ಪ್ರತಿಯೊಂದು ದೋಣಿಯಲ್ಲೂ ಉಪಗ್ರಹದೊಡನೆ ಮಾತಾಡುವ ಯಂತ್ರ ಕುಳಿತಿರುತ್ತದೆ, ಕಡಲಿನಲ್ಲಿ ಗುಟ್ಟು ಎಂಬುದೇ ಉಳಿಯುವುದಿಲ್ಲ." ಲೇಖಕನ ಹೆಸರು ನನ್ನದು. ಮುದ್ರಣದೋಷವೆಂದು ಜಾರಿಕೊಳ್ಳುವಂತಿಲ್ಲ, ಏಕೆಂದರೆ ಕರಡು ತಿದ್ದಿದವನೂ ನಾನೇ. ತಿದ್ದುವಾಗ "ಐದು" ಎಂದಿದ್ದುದನ್ನು "ಐದೇ" ಎಂದು ಮಾಡಿದ ನೆನಪೂ ಇದೆ.

ಸಂಶೋಧಕನಾದವನು ಭೂತಕಾಲದ ಕುರಿತು ಮಾತ್ರ ಬಾಯಿ ತೆರೆಯಬೇಕು. ಭೂತಕಾಲ ಮರ್ಯಾದಸ್ಥ, ಅದು ಎದ್ದು ಬಂದು "ನೀವು ಹೇಳಿದ್ದು ತಪ್ಪು" ಎಂದು ಸಭೆಯಲ್ಲಿ ಮುಖ ಮುರಿಯುವುದಿಲ್ಲ. ಈ ಕರಾವಳಿಯ ಹಳೆಯ ಬಂದರುಗಳ ಮೇಲೆ ನಾನು ಮೂವತ್ತು ವರ್ಷ ಬರೆದೆ. ಯಾವ ಅಳಿವೆಯೊಳಗೆ ಯಾವ ಕಾಲದಲ್ಲಿ ಎಂಥ ಹಡಗು ಬಂತೆಂದು ಅಡಿಟಿಪ್ಪಣಿ ಸಹಿತ ಸಾರಿದೆ. ಒಬ್ಬ ನಾವಿಕನಾದರೂ ಆಕ್ಷೇಪಿಸಲಿಲ್ಲ. ಭವಿಷ್ಯ ಹಾಗಲ್ಲ. ಅದು ನಮ್ಮ ಊರಿಗೇ, ನಮ್ಮ ಬಸ್ಸಿನಲ್ಲೇ ಬರುತ್ತದೆ, ನಮ್ಮ ಪಕ್ಕದ ಸೀಟಿನಲ್ಲೇ ಕೂರುತ್ತದೆ.

ಭವಿಷ್ಯ ನುಡಿಯುವ ಈ ಚಾಳಿ ನನಗೆ ರಕ್ತದಿಂದಲೇ ಬಂದದ್ದೆಂದು ತೋರುತ್ತದೆ. ಬೈಂದೂರಿನ ನಮ್ಮ ಮನೆಯ ಹಿಂಭಾಗದಲ್ಲಿ ಒನಕೆಯ ಹೊಡೆತಕ್ಕೆ ಗುಳಿಬಿದ್ದ ಒಂದು ಒರಳುಕಲ್ಲಿತ್ತು. ಅದರ ಪಕ್ಕ ತೌಡಿನ ಬಿಸಿ ವಾಸನೆಯಲ್ಲಿ ಕುಳಿತು ಅಜ್ಜಿ ಯಂತ್ರಯುಗದ ಅಂತ್ಯವನ್ನು ಸಾರುತ್ತಿದ್ದರು. ಊರಿಗೆ ಅಕ್ಕಿಯ ಮಿಲ್ಲು ಬಂದಾಗ ಅವರು ಕೊಟ್ಟ ತೀರ್ಪು ನನಗೆ ಬಾಯಿಪಾಠ: "ಮಿಲ್ಲಿನಕ್ಕಿ ತಿಂದ್ ಮಕ್ಕಳ್ ನಲ್ವತ್ತ್ ವರ್ಷ ಬದ್ಕುದಿಲ್ಲೆ, ಬರ್ದಿಟ್ಕಣಿ." ಬರೆದಿಟ್ಟುಕೊಳ್ಳಲು ಮನೆಯಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ನಾನು ಮಿಲ್ಲಿನಕ್ಕಿ ತಿಂದು ಅರವತ್ತು ದಾಟಿ, ನಿವೃತ್ತನಾಗಿ, ಈಗ ಅವರ ಪರವಾಗಿ ಬರೆದಿಡುತ್ತಿದ್ದೇನೆ.

ಅಜ್ಜಿಯ ಮೊಮ್ಮಗ ಅವರನ್ನು ಮೀರಿಸಿದ. ಕರಾವಳಿಯ ರೈಲು ಪೂರ್ತಿಯಾಗಿ ಓಡತೊಡಗಿದ ದಿನಗಳಲ್ಲಿ ನಾನು ಬ್ರಹ್ಮಾವರದ ಬಸ್‌ನಿಲ್ದಾಣದಲ್ಲಿ ನಿಂತು, ಇನ್ನೆರಡು ವರ್ಷಗಳಲ್ಲಿ ಖಾಸಗಿ ಬಸ್ಸುಗಳು ಕಣ್ಮರೆಯಾಗುತ್ತವೆಂದು ಮಿತ್ರಮಂಡಳಿಗೆ ಘೋಷಿಸಿದೆ. ಘೋಷಣೆ ಮುಗಿಯುವಷ್ಟರಲ್ಲಿ ಮೂರು ಖಾಸಗಿ ಬಸ್ಸುಗಳು ಒಂದರ ಹಿಂದೊಂದು ಬಂದವು. ಮೂರನೆಯದರಲ್ಲಿ ನಾನು ಕುಂದಾಪುರದವರೆಗೆ ನಿಂತೇ ಪ್ರಯಾಣ ಮಾಡಿದೆ. ಜೇಬಿನಲ್ಲಿ ಒಯ್ಯುವ ದೂರವಾಣಿ ನಮ್ಮ ಸೀಮೆಯಲ್ಲಿ ನಡೆಯದೆಂದೂ ಒಂದು ಲೇಖನದಲ್ಲಿ ಪ್ರತಿಪಾದಿಸಿದ್ದೆ. "ಹ್ವಾಯ್" ಎಂದು ಒಮ್ಮೆ ಕೂಗಿದರೆ ಹೊಳೆಯ ಆಚೆ ದಡದವನು ತಿರುಗಿ ನೋಡುವ ನಾಡಿನಲ್ಲಿ ಇಂಥದಕ್ಕೆ ಗಿರಾಕಿ ಯಾರು ಎಂಬುದು ನನ್ನ ವಾದ. ಈಗ ಎಲ್ಲರ ಬಳಿಯೂ ಆ ದೂರವಾಣಿ ಇದೆ. ಅದರೊಳಗೂ ಅಷ್ಟೇ ಜೋರಾಗಿ "ಹ್ವಾಯ್" ಎನ್ನುತ್ತಾರೆ. ಆದ್ದರಿಂದ ನಾನು ಅರ್ಧ ಸರಿ ಎಂದುಕೊಂಡಿದ್ದೇನೆ.

1999ರ ಡಿಸೆಂಬರ್ 31, ಶುಕ್ರವಾರ, ಮಾತ್ರ ನನ್ನ ಸಂಸಾರದಲ್ಲಿ ಇಂದಿಗೂ ಪ್ರಸ್ತಾಪವಾಗುತ್ತದೆ. ಇಸವಿ ಬದಲಾಗುತ್ತಿದ್ದಂತೆ ಲೋಕದ ಕಂಪ್ಯೂಟರುಗಳೆಲ್ಲ ದಾರಿ ತಪ್ಪುತ್ತವೆಂದು ಓದಿಕೊಂಡಿದ್ದ ನಾನು, ಮಧ್ಯಾಹ್ನವೇ ಹಂಡೆ, ಕೊಡಪಾನ, ಕೊನೆಗೆ ದೋಸೆಹಿಟ್ಟಿನ ಪಾತ್ರೆಗೂ ನೀರು ತುಂಬಿಸಿದೆ. ನನ್ನ ಹೆಂಡತಿ ಸರಸ್ವತಿ ಬಾಗಿಲಿಗೆ ಒರಗಿ ನಿಂತು ನೋಡಿದಳು.

"ಕಂಪ್ಯೂಟರ್ ಹಾಳಾರೆ ನಮ್ಮ್ ಬಾವಿ ನೀರ್ ಎಂತಕ್ಕೆ ಖಾಲಿ ಆತ್ತ್?" ಎಂದಳು.

ನಾನು ಇನ್ನೊಂದು ಕೊಡ ಸೇದಿದೆ. ಮರುದಿನ ಬೆಳಗ್ಗೆ ಆ ನೀರನ್ನೆಲ್ಲ ತೆಂಗಿನ ಬುಡಕ್ಕೆ ಹೊಯ್ದೆ. ತೆಂಗಿನಮರಕ್ಕೆ ಹೊಸ ಶತಮಾನದಿಂದ ಆದ ಲಾಭ ಅಷ್ಟು.

ಈ ಯಾವ ಭವಿಷ್ಯವಾಣಿಯಿಂದಲೂ ಯಾರಿಗೂ ಕೇಡಾಗಲಿಲ್ಲ. ನಲವತ್ತೊಂದನೆಯ ಪುಟದ ವಾಕ್ಯ ಆ ಜಾತಿಯದಲ್ಲ. ಅದನ್ನು ಆಯುಧದಂತೆ ಹಿಡಿದುಕೊಂಡು ಹೋಗಿ ನಾನು ಒಬ್ಬ ಮನುಷ್ಯನ ಜೀವನಾಧಾರದ ಗುಟ್ಟನ್ನು ಕಸಿದುಕೊಂಡೆ, ಊರಿಗೆಲ್ಲ ಹಂಚಿದೆ. ಹದಿನಾಲ್ಕು ವರ್ಷ ಆ ಭಾರವನ್ನು ಹೊತ್ತುಕೊಂಡು ತಿರುಗಿದೆ. ವಿಷಯವೇನೆಂದು ಸ್ವಲ್ಪ ವಿವರಿಸಬೇಕು.

ಸೂರಪ್ಪ ತಾಂಡೇಲರು ಬೈಂದೂರಿನ ದಕ್ಷಿಣದ ಕಡಲಂಚಿನವರು. ತಾಂಡೇಲನೆಂದರೆ ದೋಣಿಯ ಮುಂದಾಳು. ಎಲ್ಲಿ ಹೋಗಬೇಕು, ಎಲ್ಲಿ ನಿಲ್ಲಬೇಕು, ಯಾವಾಗ ತಿರುಗಬೇಕು ಎಂಬುದು ಅವನ ಮಾತು. ನೀರಿನಡಿಯಲ್ಲಿ ಬಂಡೆಯಿರುವ ಕಡೆ ದೊಡ್ಡ ಮೀನು ಸೇರುತ್ತದೆ. ಆದರೆ ಕಡಲಿನ ಮೇಲೆ ಬಂಡೆಯ ವಿಳಾಸ ಬರೆದಿರುವುದಿಲ್ಲವಲ್ಲ, ಅದಕ್ಕಾಗಿ ತಾಂಡೇಲರು ದಡದ ಕಡೆ ನೋಡುತ್ತಾರೆ. ದೂರದ ಬೆಟ್ಟದ ಒಂದು ತುದಿ, ಹತ್ತಿರದ ಒಂದು ಮರ ಅಥವಾ ಗೋಪುರ, ಇವೆರಡೂ ಒಂದರ ಮೇಲೊಂದು ಬರುವಂತೆ ದೋಣಿಯನ್ನು ತಂದರೆ ಒಂದು ಗೆರೆ ಸಿಕ್ಕಿತು. ಇನ್ನೊಂದು ದಿಕ್ಕಿನಲ್ಲಿ ಅಂಥದೇ ಜೋಡಿ ಹಿಡಿದರೆ ಇನ್ನೊಂದು ಗೆರೆ. ಗೆರೆಗಳೆರಡೂ ಕೂಡುವಲ್ಲಿ ಗಾಳ ಇಳಿಸಬೇಕು. ಇದಕ್ಕೆ ಗುರುತು ಎನ್ನುತ್ತಾರೆ. ತಂದೆ ಮಗನಿಗೆ, ಅದೂ ಮಗನ ಬಾಯಿ ಗಟ್ಟಿಯಿದೆಯೆಂದು ಖಾತ್ರಿಯಾದ ಮೇಲೆ, ಹೇಳುವ ಸಂಗತಿ. ಬೇರೆ ದೋಣಿ ಕಂಡರೆ ತಾಂಡೇಲನು ಬಂಡೆಯನ್ನು ಬಿಟ್ಟು ಎಲ್ಲೋ ಹೋಗಿ, ಸುಮ್ಮನೆ ಬೀಡಿ ಸೇದುತ್ತ ನಿಲ್ಲುತ್ತಾನೆ.

ಸೂರಪ್ಪನವರ ಮನೆತನಕ್ಕೆ ಮಾತ್ರ ಗೊತ್ತಿದ್ದ ಬಂಡೆಯ ಹೆಸರು ಅಜ್ಜಿಕಲ್ಲು. ಹೆಸರು ಎಲ್ಲರಿಗೂ ಗೊತ್ತು, ಜಾಗ ಯಾರಿಗೂ ಗೊತ್ತಿಲ್ಲ. ಬೇರೆಯವರು ಬರಿಗೈಯಲ್ಲಿ ಬಂದ ದಿನವೂ ಸೂರಪ್ಪನವರ ದೋಣಿಯಿಂದ ಅಂಜಲ್, ಮುರುವಿನಂಥ ದೊಡ್ಡ ಮೀನುಗಳು ಇಳಿಯುತ್ತಿದ್ದವು. ಹಳೆಯ ನೌಕಾಯಾನದ ಅಭ್ಯಾಸಿಯಾದ ನನಗೆ ಬಾಯಲ್ಲಿ ನೀರೂರಿತು, ಮೀನಿಗಲ್ಲ, ಗುರುತಿಗೆ. ದಿಕ್ಸೂಚಿಗೂ ಹಿಂದಿನ ವಿದ್ಯೆಯೊಂದು ನನ್ನ ಕಣ್ಣೆದುರಿಗೇ ಬೀಡಿ ಸೇದುತ್ತ ಕುಳಿತಿತ್ತು!

1997ರಲ್ಲಿ ಮಂಗಳೂರಿನಲ್ಲೊಂದು ವಿಚಾರ ಸಂಕಿರಣದಲ್ಲಿ ಅಧಿಕಾರಿಯೊಬ್ಬರು ಜಿಪಿಎಸ್ ಎಂಬ ಯಂತ್ರವನ್ನು ನನ್ನ ಕೈಗಿತ್ತಿದ್ದರು. ಅಂಗಳಕ್ಕೆ ಹೋಗಿ, ಆಕಾಶಕ್ಕೆ ತೋರಿಸಿ, ಚಹಾ ಕುಡಿದು ಮುಗಿಯುವಷ್ಟು ಹೊತ್ತು ಕಾದ ಮೇಲೆ ಅದು ನಾನು ಮಂಗಳೂರಿನಲ್ಲಿದ್ದೇನೆಂದು ತಿಳಿಸಿತು. ಈ ಸಂಗತಿ ಬಸ್ಸಿನ ಟಿಕೇಟಿನ ಆಧಾರದಿಂದ ನನಗೆ ಮೊದಲೇ ಗೊತ್ತಿತ್ತು. ಆದರೂ ರೋಮಾಂಚನವಾಯಿತು. ಊರಿಗೆ ಬರುವಷ್ಟರಲ್ಲಿ ನನ್ನ ಸಿದ್ಧಾಂತ ಸಿದ್ಧವಾಗಿತ್ತು: ಯಂತ್ರ ಬಂದ ಮೇಲೆ ಗುರುತಿಗೆ ಬೆಲೆಯಿಲ್ಲ, ಬೆಲೆಯಿಲ್ಲದ್ದನ್ನು ಹೇಳಿದರೆ ನಷ್ಟವಿಲ್ಲ, ಆದ್ದರಿಂದ ಸೂರಪ್ಪನವರು ನನಗೆ ಹೇಳತಕ್ಕದ್ದು. ತರ್ಕಶಾಸ್ತ್ರದಲ್ಲಿ ಇದಕ್ಕೊಂದು ಹೆಸರಿರಬೇಕು. ನಮ್ಮ ಕಡೆ ಮಳ್ಳುತನ ಎನ್ನುತ್ತಾರೆ.

ತಾಂಡೇಲರು ಜಗಲಿಯಲ್ಲಿ ಗಾಳದ ದಾರಕ್ಕೆ ಸೀಸದ ಗುಂಡು ಕಟ್ಟುತ್ತಿದ್ದರು. ಅವರ ಮೀಸೆ ಆ ಕಾಲಕ್ಕೆ ಅರ್ಧ ಬೆಳ್ಳಗಾಗಿತ್ತು.

"ಬನಿ ಮಾಷ್ಟ್ರೇ, ಕೂಕಣಿ," ಎಂದರು. ನಾನು ಎಲ್ಲಿಯೂ ಪಾಠ ಹೇಳಿದವನಲ್ಲ. ಆದರೆ ಕನ್ನಡಕ ಹಾಕಿ ಪೆನ್ನು ಸಿಕ್ಕಿಸಿಕೊಂಡವನು ನಮ್ಮಲ್ಲಿ ಮಾಷ್ಟ್ರೇ. "ಎಂತ, ಈ ಪ್ರಾಯದಾಗೆ ಕಡಲಿಗೆ ಹೋಪ ಆಸೆ ಬಂತಾ?"

ನಾನು ಉಪಗ್ರಹದ ಮಹಿಮೆಯನ್ನು ವರ್ಣಿಸಿದೆ. ಅಂಗೈಯಗಲದ ಡಬ್ಬಿ, ಕತ್ತಲಲ್ಲೂ ಮಂಜಿನಲ್ಲೂ ದಾರಿ ತೋರಿಸುತ್ತದೆ, ಬೆಟ್ಟವೂ ಬೇಡ ಮರವೂ ಬೇಡ ಎಂದೆ.

"ಉಪ್ಪುಗಾಳಿ ತಡೀತ್ತಾ ಅದ್?"

"ತಡೀದೆ ಎಂತ?"

"ನಮ್ಮ್ ಟಾರ್ಚೇ ಎರ್ಡ್ ಮಳಿಗಾಲ ಕಾಂಬುದಿಲ್ಲೆ ಮಾಷ್ಟ್ರೇ. ನಿಮ್ಮ್ ಡಬ್ಬಿ ಒಂದ್ ವರ್ಷ ಕಡಲಾಗ್ ನಿಂತ್ರೆ ನಾ ಮೀಸೆ ತೆಗೀತೆ."

ಹೀಗೆ ಆ ಜಗಲಿಯಲ್ಲಿ ಇಬ್ಬರು ಭವಿಷ್ಯಕಾರರು ಎದುರುಬದುರು ಕುಳಿತಿದ್ದರು. ಒಬ್ಬನಿಗೆ ಯಂತ್ರ ಎಲ್ಲವನ್ನೂ ಮಾಡುತ್ತದೆಂಬ ನಂಬಿಕೆ, ಇನ್ನೊಬ್ಬರಿಗೆ ಅದು ಏನನ್ನೂ ಮಾಡದೆಂಬ ನಂಬಿಕೆ. ನನ್ನ ನೆನಪಿನ ಪ್ರಕಾರ ಮೊದಲ ಭೇಟಿಯಲ್ಲಿ ಅವರು ಮಾತು ತಿರುಗಿಸಿದರು. ಎರಡನೆಯ ಭೇಟಿಯಲ್ಲಿ ಬರೀ ಕಾಫಿ ಕೊಟ್ಟರು. ಮೂರನೆಯ ಭೇಟಿಯಲ್ಲಿ ಬಹಳ ಹೊತ್ತು ಕಡಲನ್ನು ನೋಡುತ್ತ ಕುಳಿತು, ಒದ್ದೆಯಾದ ಕಣ್ಣುಗಳಿಂದ, ಒಂದೊಂದೇ ಮಾತಾಗಿ ಅಜ್ಜಿಕಲ್ಲಿನ ಗುರುತನ್ನು ಹೇಳಿದರು: ಕೊಡಚಾದ್ರಿಯ ಎಡಹೆಗಲು ಹಂಚಿನ ಕಾರ್ಖಾನೆಯ ಹೊಗೆಕೊಳವೆಯ ಮೇಲೆ ಬರಬೇಕು; ಒತ್ತಿನೆಣೆ ಗುಡ್ಡದ ಮೂಗು ದಡದ ಒಂಟಿ ತಾಳೆಮರದ ನೆತ್ತಿಗೆ ತಾಗಬೇಕು. ಸಂಚಿಕೆಯ ಲೇಖನದ ಮುನ್ನುಡಿಯಲ್ಲಿ ಈ ಮೂರನೆಯ ಭೇಟಿಯನ್ನೂ ಒದ್ದೆ ಕಣ್ಣನ್ನೂ ನಾನು ಹತ್ತು ಸಾಲುಗಳಲ್ಲಿ ವರ್ಣಿಸಿದ್ದೇನೆ. ಚೆನ್ನಾಗಿಯೇ ಬರೆದಿದ್ದೇನೆ. ಗುರುತಿನ ಜೊತೆಗೆ ನಾನೇ ಬಿಡಿಸಿದ ನಕ್ಷೆಯೂ ಇತ್ತು, ಗೆರೆಗಳು ಕೂಡುವಲ್ಲಿ ದಪ್ಪ ಚುಕ್ಕೆಯ ಸಹಿತ.

ನನ್ನ ಸಂಶೋಧನೆಗಳನ್ನು ಸಾಮಾನ್ಯವಾಗಿ ಇಬ್ಬರು ಓದುತ್ತಾರೆ; ಅವರಲ್ಲಿ ಒಬ್ಬ ನಾನು. ಈ ಲೇಖನದ ಅದೃಷ್ಟ ಬೇರೆಯಾಗಿತ್ತು. ಸಂಚಿಕೆ ಹೊರಬಂದು ಮೂರು ವಾರಕ್ಕೆ ನಾನು ಆ ಕಡಲಂಚಿಗೆ ಹೋದಾಗ ದೂರದ ನೀರಿನ ಮೇಲೆ ದೋಣಿಗಳ ಜಾತ್ರೆಯೇ ಕಂಡಿತು. ಎಣಿಸಿದೆ, ಹದಿನೇಳು. ಕೊಡಚಾದ್ರಿಯನ್ನೂ ಹೊಗೆಕೊಳವೆಯನ್ನೂ ಕಣ್ಣಲ್ಲೇ ಅಳೆದೆ. ನನ್ನ ಚುಕ್ಕೆಯ ಮೇಲೆಯೇ ನಿಂತಿದ್ದವು! ಸೂರಪ್ಪನವರು ತಮ್ಮ ದೋಣಿಯನ್ನು ದಡಕ್ಕೆಳೆದು, ಅದರ ನೆರಳಿನಲ್ಲಿ ಕುಳಿತಿದ್ದರು.

"ಕಾಣಿ ಮಾಷ್ಟ್ರೇ," ಎಂದರು, ಕೈಯೆತ್ತಿ ತೋರಿಸುತ್ತ. "ನೀವ್ ಬರ್ದದ್ದ್ ಎಷ್ಟ್ ಜನ ಓದಿರ್ ಕಾಣಿ!"

ಇಷ್ಟು ಮೃದುವಾದ ಮಾತಿನಲ್ಲಿ ಇಷ್ಟು ನಂಜನ್ನು ನಾನು ಹಿಂದೆ ಕೇಳಿರಲಿಲ್ಲ. ಏನೋ ತೊದಲಿ ತಲ್ಲೂರಿಗೆ ಹೋಗುವ ಬಸ್ಸು ಹಿಡಿದೆ. ನನಗೆ ತಲ್ಲೂರಿನಲ್ಲಿ ಕೆಲಸವಿರಲಿಲ್ಲ.

ಅಂದಿನಿಂದ ನನ್ನ ಪ್ರಾಯಶ್ಚಿತ್ತ ಶುರುವಾಯಿತು. ನಮ್ಮ ಸೀಮೆಯಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಯಾರಾದರೂ ನಾಲ್ಕು ಪುಸ್ತಕ ಬರೆದರೆ, ಅವನ್ನು ಓದುವ ತೊಂದರೆ ತೆಗೆದುಕೊಳ್ಳದೆ, ವೇದಿಕೆಗೆ ಕರೆದು ಶಾಲು ಹೊದಿಸುತ್ತಾರೆ. ವರ್ಷಕ್ಕೆ ಒಂದೋ ಎರಡೋ ಶಾಲು ನನ್ನ ಹೆಗಲಿಗೂ ಬೀಳುತ್ತಿತ್ತು. ಅವುಗಳಲ್ಲಿ ಉತ್ತಮವಾದುದನ್ನು ಆರಿಸಿ, ಕೊಲ್ಲೂರಿನ ಪ್ರಸಾದದೊಂದಿಗೆ, ಪ್ರತಿವರ್ಷ ಸೂರಪ್ಪನವರಿಗೆ ಒಯ್ದು ಕೊಡತೊಡಗಿದೆ. ಅವರು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಿದ್ದರು, ಒಂದು ಮಾತನ್ನೂ ಆಡುತ್ತಿರಲಿಲ್ಲ. ಕ್ಷಮೆ ಸಿಕ್ಕಿಲ್ಲವೆಂದು ನಾನು ಅರ್ಥ ಮಾಡಿಕೊಳ್ಳುತ್ತಿದ್ದೆ. ಮುಂದಿನ ವರ್ಷ ಇನ್ನೂ ದಪ್ಪದ ಶಾಲು.

"ಈ ಊರಿನ ಸೆಕೆಯಲ್ಲ್ ಆ ಮುದ್ಕರಿಗೆ ಉಣ್ಣೆ ಶಾಲ್ ಕೊಟ್ಟ್ ಎಂತ ಕೊಲ್ಲೂಕ್ ಹೊರ್ಟಿದ್ರ್ಯಾ?" ಎಂದು ಸರಸ್ವತಿ ಕೇಳುತ್ತಿದ್ದಳು. ಹೆಂಗಸರಿಗೆ ಪಾಪಪ್ರಜ್ಞೆಯ ಸೂಕ್ಷ್ಮಗಳು ತಿಳಿಯುವುದಿಲ್ಲವೆಂದು ನಾನು ಶಾಲು ಮಡಚಿಕೊಂಡು ಹೊರಡುತ್ತಿದ್ದೆ. ಇದೂ ನನ್ನ ತಪ್ಪು ಅಂದಾಜುಗಳ ಸಾಲಿಗೇ ಸೇರಬೇಕಾದದ್ದು.

ಐದು ವರ್ಷ ಕಳೆಯಿತು, ಯಂತ್ರ ಬರಲಿಲ್ಲ. ಮತ್ತೂ ಮೂರು ನಾಲ್ಕು ವರ್ಷ ಕಳೆದ ಮೇಲೆ ಒಂದೊಂದೇ ಬೋಟಿನಲ್ಲಿ ಕಾಣಿಸಿಕೊಂಡಿತು. ಉಪ್ಪುಗಾಳಿಗೆ ಅದಕ್ಕೇನೂ ಆಗಲಿಲ್ಲ. ಸೂರಪ್ಪನವರು ಅಷ್ಟರಲ್ಲಿ ಕಡಲಿಗೆ ಹೋಗುವುದನ್ನು ನಿಲ್ಲಿಸಿದ್ದರು. ಮಗಳ ಗಂಡ ರಘು ಬೋಟು ನಡೆಸುತ್ತಿದ್ದ. 2012ರಲ್ಲಿ ನನ್ನ ಲೇಖನಗಳನ್ನೆಲ್ಲ ಕೂಡಿಸಿ ಪುಸ್ತಕ ಮಾಡುವ ಮಾತು ಬಂತು. ನನ್ನ ಶಾಸ್ತ್ರೀಯ ತುರಿಕೆ ಮತ್ತೆ ಎದ್ದಿತು. ಅಜ್ಜಿಕಲ್ಲಿನ ಲೇಖನಕ್ಕೆ ಅಕ್ಷಾಂಶ ರೇಖಾಂಶಗಳ ಅಡಿಟಿಪ್ಪಣಿ ಇಲ್ಲದಿದ್ದರೆ ವಿದ್ವಾಂಸರು ಏನೆಂದುಕೊಂಡಾರು? ಗುಟ್ಟು ಹೇಗೂ ಹೋಗಿಯಾಗಿದೆ, ಇನ್ನು ಟಿಪ್ಪಣಿಯೊಂದರಿಂದ ಹೋಗುವುದೇನು ಎಂದು ಸಮಾಧಾನ ಮಾಡಿಕೊಂಡು ರಘುವಿಗೆ ಫೋನು ಮಾಡಿದೆ. ಅವನು "ಬನಿ, ಹೋಪ," ಎಂದ.

2012ರ ಡಿಸೆಂಬರ್ 8, ಶನಿವಾರ, ಬೆಳಗ್ಗೆ. ಗಾಳಿ ತೆಳುವಾಗಿತ್ತು, ಕೊಡಚಾದ್ರಿ ತೊಳೆದಿಟ್ಟಂತೆ ಕಾಣುತ್ತಿತ್ತು. ಚುಕ್ಕಾಣಿಯ ಪಕ್ಕದಲ್ಲಿ ಯಂತ್ರವಿತ್ತು. ಅದರ ಮೇಲೆ ಒಂದು ಕೆಂಪು ಬೈರಾಸನ್ನು, ಅಂದರೆ ಮೈ ಒರೆಸುವ ಬಟ್ಟೆಯನ್ನು, ಹೊದಿಸಿ ದಾರದಿಂದ ಕಟ್ಟಿದ್ದರು.

"ಇದ್ ಎಂತಕ್ಕೆ ಬೈರಾಸ್ ಮುಚ್ಚಿದ್ದ್? ಉಪ್ಪುಗಾಳಿಗಾ?" ಎಂದು ಕೇಳಿದೆ.

"ಗಾಳಿಗಲ್ಲ ಮಾಷ್ಟ್ರೇ, ಕಣ್ಣಿಗೆ," ಎಂದ ರಘು. "ನಮ್ಮ್ ಜಾಗದ್ ನಂಬರ್ ಎಲ್ಲ ಇದ್ರಾಗೇ ಇತ್ತಲ್ದಾ. ಪಕ್ಕದ್ ಬೋಟಿನೋರ್ ನೀರ್ ಕೇಂಬುಕೆ ಬಪ್ಪುದ್, ನಂಬರ್ ಕಂಡ್ಕಂಡ್ ಹೋಪುದ್."

ಪ್ರತಿಯೊಂದು ದೋಣಿಯಲ್ಲೂ ಯಂತ್ರ ಕುಳಿತಿರುತ್ತದೆ ಎಂದು ನಾನು ಬರೆದಿದ್ದೆ. ಅದು ತಲೆಗೆ ಬೈರಾಸು ಸುತ್ತಿಕೊಂಡು ಕುಳಿತಿರುತ್ತದೆಂದು ನನಗೆ ಹೊಳೆದಿರಲಿಲ್ಲ. ಯಂತ್ರ ಜಾಗವನ್ನು ತೋರಿಸುತ್ತದೆ, ಸರಿ. ಯಾವ ಜಾಗವೆಂದು ಅದಕ್ಕೆ ಯಾರಾದರೂ ಮೊದಲು ಹೇಳಬೇಕಷ್ಟೆ. ಹೇಳುವವನ ಬಾಯಿ ಹಿಂದಿನಷ್ಟೇ ಗಟ್ಟಿಯಾಗಿತ್ತು.

ಸ್ಮರಣ ಸಂಚಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ದಡವನ್ನು ನೋಡುತ್ತ ಕುಳಿತೆ. ಹಂಚಿನ ಕಾರ್ಖಾನೆ ನಿಂತು ವರ್ಷಗಳಾಗಿದ್ದರೂ ಹೊಗೆಕೊಳವೆ ನೆಟ್ಟಗಿತ್ತು. ತಾಳೆಮರವೂ ಇತ್ತು. "ಬಲಕ್ಕೆ, ಇನ್ನೂ ಸ್ವಲ್ಪ ಬಲಕ್ಕೆ" ಎಂದು ಹೇಳುತ್ತ, ಕೊಡಚಾದ್ರಿಯ ಎಡಹೆಗಲನ್ನು ಕೊಳವೆಯ ಮೇಲೆ ಕೂರಿಸಿದೆ. ಆ ಗೆರೆ ತಪ್ಪದಂತೆ ಮುಂದೆ ಹೋಗುತ್ತ ಒತ್ತಿನೆಣೆಯ ಮೂಗು ತಾಳೆಮರದ ನೆತ್ತಿಗೆ ತಾಗಿದ ಕ್ಷಣ "ಇಲ್ಲೇ!" ಎಂದು ಕೂಗಿದೆ. ಜೀವನದಲ್ಲಿ ಮೊದಲ ಬಾರಿಗೆ ನಾನು ತಾಂಡೇಲನಾಗಿದ್ದೆ.

ರಘು ಬೋಟು ನಿಲ್ಲಿಸಿ, ತಳದ ಆಳ ತೋರಿಸುವ ಇನ್ನೊಂದು ಯಂತ್ರವನ್ನು ನೋಡಿದ. ಪರದೆಯ ಮೇಲೆ ಒಂದು ಗೆರೆ, ಚಾಪೆ ಹಾಸಿದಷ್ಟು ಸಮತಟ್ಟಾಗಿತ್ತು. ನನ್ನ ಮುಖ ನೋಡಿ, ಸೀಸದ ಗುಂಡಿನ ಬುಡಕ್ಕೆ ಸಾಬೂನು ಮೆತ್ತಿ ಕೆಳಗಿಳಿಸಿದ. ತಳದಲ್ಲಿ ಏನಿದೆಯೋ ಅದು ಸಾಬೂನಿಗೆ ಅಂಟಿ ಬರಬೇಕು. ಬಂತು: ಕಪ್ಪು ಕೆಸರು. ಬೋಟನ್ನು ಅಲ್ಲೇ ನಾಲ್ಕು ಸುತ್ತು ತಿರುಗಿಸಿದ. ಮತ್ತೆ ಮತ್ತೆ ಕೆಸರು.

"ಪ್ರವಾಹದಿಂದ ಹೂಳು ತುಂಬಿರಬಹುದು," ಎಂದೆ. "ಹದಿನಾಲ್ಕ್ ವರ್ಷ ಆಯ್ತಲ್ದಾ. ಕಡಲ್ಕೊರೆತ ಆದ್ರೆ ತಳ ಬದ್ಲಾತ್ತ್."

"ಕಲ್ಲ್ ಎಂತ ಎಮ್ಮಿಯಾ ಮಾಷ್ಟ್ರೇ, ಎದ್ದ್ ಹೋಪುಕೆ?"

"ಹಾಂಗಾರೆ ಅಜ್ಜಿಕಲ್ಲ್ ಎಲ್ಲಿತ್ತ್?"

ರಘು ಆಗ ನಗಲು ಶುರುಮಾಡಿದ. ಚುಕ್ಕಾಣಿ ಹಿಡಿದುಕೊಂಡೇ ನಕ್ಕ, ಬಗ್ಗಿ ನಕ್ಕ, ಕಣ್ಣೊರೆಸಿಕೊಂಡ. "ಇಲ್ಲಂತೂ ಅಲ್ಲ," ಎಂದ. "ಡೀಸೆಲ್ ಖರ್ಚಾಯ್ತ್, ಬರಿಗೈಲ್ ಹೋಪುಕೆ ಆತಿಲ್ಲೆ. ನಾ ಈಗ ಅಲ್ಲಿಗೇ ಹೋತೆ. ಬೇಜಾರ್ ಮಾಡ್ಕಂಬೇಡಿ, ನಿಮ್ಮ್ ಕನ್ನಡ್ಕ ತೆಗ್ದ್ ಕಿಸೆಯಾಗ್ ಹಾಕಣಿ. ದಡಕ್ಕೆ ಬೆನ್ನ್ ಹಾಕಿ ಕೂಕಣಿ."

ಮೂವತ್ತು ವರ್ಷದ ಸಂಶೋಧನೆಯ ಅನಂತರ ನಾನು ಕನ್ನಡಕ ತೆಗೆದು, ದಡಕ್ಕೆ ಬೆನ್ನು ಹಾಕಿ ಕುಳಿತೆ. ಆದರೂ ಬುದ್ಧಿ ಸುಮ್ಮನಿರಲಿಲ್ಲ. ಬಿಸಿಲು ಎಡಗೆನ್ನೆಯ ಮೇಲಿದೆ, ಹಾಗಾದರೆ ದಿಕ್ಕು ಇಂಥದ್ದು ಎಂದು ಮನಸ್ಸಿನಲ್ಲೇ ಗುರುತು ಹಾಕತೊಡಗಿದೆ. ಅಷ್ಟರಲ್ಲಿ ಬೋಟು ಗಿರಗಿರನೆ ಎರಡು ಸುತ್ತು ತಿರುಗಿತು.

"ಎಂತ ಮಾಡ್ತಿದ್ದೆ ರಘು?"

"ನೀವ್ ಬಿಸ್ಲ್ ಲೆಕ್ಕ ಮಾಡ್ತಿದ್ರಿ ಅಂದೇಳಿ ಕಂಡ್ತ್."

ಎಷ್ಟು ಹೊತ್ತಿನ ಮೇಲೋ ಎಂಜಿನ್ ನಿಂತಿತು. ಗಾಳ ಇಳಿಯುವ ಸದ್ದು, ಆಮೇಲೆ ದಾರ ಬಿಗಿಯಾಗಿ ಬೋಟಿನ ಅಂಚಿಗೆ ಉಜ್ಜುವ ಸದ್ದು. ನನ್ನ ಕಾಲಬುಡದಲ್ಲಿ ಭಾರವಾದದ್ದೇನೋ ದೊಪ್ಪನೆ ಬಿದ್ದು ಒದ್ದಾಡಿತು. ಬಗ್ಗಿ ಮೂಗಿನ ಹತ್ತಿರ ತಂದು ನೋಡಿದೆ: ಮುರು. ಕೈಮೊಳಕ್ಕೂ ಉದ್ದವಿತ್ತು. ಅಜ್ಜಿಕಲ್ಲಿನ ಕುರಿತು ನನ್ನ ಬಳಿಯಿರುವ ಏಕೈಕ ಪ್ರಾಥಮಿಕ ಆಧಾರ ಅದು. ರಾತ್ರಿ ಸರಸ್ವತಿ ಅದನ್ನು ಸಾರು ಮಾಡಿದ್ದರಿಂದ ಈಗ ಲಭ್ಯವಿಲ್ಲ.

ದಡಕ್ಕೆ ಬಂದವನೇ ನೇರವಾಗಿ ಸೂರಪ್ಪನವರ ಜಗಲಿಗೆ ಹೋದೆ. ಎಂಬತ್ತರ ಆಸುಪಾಸಿನ ಮುದುಕರು ಕುರ್ಚಿಯಲ್ಲಿದ್ದರು, ಮೀಸೆ ಪೂರ್ತಿ ಬೆಳ್ಳಗಾಗಿ ಇನ್ನಷ್ಟು ಸೊಂಪಾಗಿತ್ತು. ರಘುವಿನ ಫೋನು ನನಗಿಂತ ಮೊದಲೇ ತಲುಪಿತ್ತೆಂಬುದು ಅವರ ಮುಖದಲ್ಲೇ ಗೊತ್ತಾಯಿತು.

"ಅಲ್ಲ್ ಕಲ್ಲೇ ಇಲ್ಲೆ ತಾಂಡೇಲ್ರೇ," ಎಂದೆ.

"ಇಲ್ಲೆ," ಎಂದು ಒಪ್ಪಿಕೊಂಡರು. "ಬರೀ ಕೆಸ್ರ್. ನನ್ನಪ್ಪಯ್ಯನ ಕಾಲ್ದಾಗೂ ಕೆಸ್ರೇ."

"ಮತ್ತೆ ನಂಗೆ ಎಂತಕ್ಕೆ ಹಾಂಗ್ ಹೇಳಿದ್ದ್?"

"ನೀವ್ ಕೇಂಡ್ರಿ. ಮನಿಗ್ ಬಂದೋರಿಗ್ ಹೇಳ್ತಿಲ್ಲೆ ಅಂಬುಕೆ ಆತ್ತಾ? ನಿಜ ಹೇಳ್ರೆ ಮಕ್ಕಳ ಹೊಟ್ಟಿಗ್ ಎಂತ ಹಾಕುದ್?" ಅವರು ಕಾಲು ಚಾಚಿ ಸರಿಯಾಗಿ ಕುಳಿತರು. "ಆ ವರ್ಷ ದಿನಾ ನನ್ನ್ ಬೆನ್ನಿಗೆ ನಾಕೈದ್ ದೋಣಿ ಬತ್ತಿದ್ದೊ ಮಾಷ್ಟ್ರೇ. ಎಲ್ಲ್ ನಿಂತ್ರೂ ಬಪ್ಪುದೆ. ಅಜ್ಜಿಕಲ್ಲಿಗೆ ಹೋಪುಕೇ ಆಗ್ದೆ ತಿಂಗ್ಳಾಗಿತ್ತ್. ಕಲ್ಲ್ ಅಲ್ಲಿತ್ತ್, ಇಲ್ಲಿತ್ತ್ ಅಂದೇಳಿ ನಾ ಬಾಯಲ್ಲ್ ಹೇಳ್ರೆ ಯಾರ್ ನಂಬ್ತ್ರ್? ನೀವ್ ಪುಸ್ತ್ಕದಾಗ್ ಹಾಕ್ತ್ರಿ ಅಂದ್ರಿ. ಪಟ ಬೇರೆ ಬರ್ದ್ರಿ. ಎಲ್ಲ ಹೋಯಿ ಕೆಸ್ರಲ್ಲ್ ಗಾಳ ಹಾಕಿ ಕೂತ್ರ್. ನಾ ನನ್ನ್ ಪಾಡಿಗೆ ಸಂಜಿ ಹೊತ್ತಿಗೆ ಹೋತಿದ್ದೆ, ಬತ್ತಿದ್ದೆ."

"ಆ ದಿನ, ಎಷ್ಟ್ ಜನ ಓದಿರ್ ಕಾಣಿ ಅಂದೇಳಿ ನಂಗೆ ಬೈದ್ರಿ..."

"ಬೈದದ್ದಾ? ನಾ ಹೊಗ್ಳಿದ್ದ್!"

ಹದಿನಾಲ್ಕು ವರ್ಷದ ಪಾಪಪ್ರಜ್ಞೆ ಒಂದು ಮಾತಿನಲ್ಲಿ ನೆಲಕ್ಕೆ ಬಿದ್ದಾಗ ಹಗುರವೆನಿಸಬೇಕು. ನನಗೆ ಅನಿಸಿದ್ದು ಅವಮಾನ. ಅಪರಾಧಿಯಾಗಿದ್ದವನಿಗೆ ಕನಿಷ್ಠ ಒಂದು ಗಾಂಭೀರ್ಯವಿತ್ತು.

"ಹಾಂಗಾರೆ ಆ ಶಾಲು?" ಎಂದು ಕ್ಷೀಣವಾಗಿ ಕೇಳಿದೆ.

"ಅದ್ ನೀವ್ ಎಂತಕ್ಕೆ ಕೊಡ್ತ್ರಿ ಅಂದೇಳಿ ನಂಗೂ ಗೊತ್ತಿಲ್ಲೆ. ಕೇಂಬುದ್ ಸಮ ಅಲ್ಲ ಅಂದೇಳಿ ತಕಂಡೆ. ಮೂರ್ ಇತ್ತ್ ಇನ್ನೂ, ಬೇಕಾರೆ ಹೋಪತಿಗೆ ತಕಂಡ್ಹೋಯ್ನಿ. ಉಳ್ದದ್ದ್ ರಘು ಎಂಜಿನ್ ಒರ್ಸುಕೆ ತಕಂಡ."

ಮೀಸೆಯ ವಿಷಯವನ್ನಾದರೂ ಎತ್ತಿ ಮಾನ ಉಳಿಸಿಕೊಳ್ಳೋಣವೆಂದು ನೋಡಿದೆ. ಯಂತ್ರ ಕಡಲಿನಲ್ಲಿ ನಿಂತಿತಲ್ಲ, ನೀವು ಸೋತಿರಲ್ಲ ಎಂದೆ. ಅವರು ಮೀಸೆಯ ತುದಿಯನ್ನು ತಿರುವಿ, "ಸೋತೆ. ತೆಗೀತೆ ಅಂದದ್ದೂ ಹೌದ್. ಯಾವಾಗ ಅಂದೇಳಿ ಹೇಳ್ಲಿಲ್ಲೆ," ಎಂದರು. ಭವಿಷ್ಯ ನುಡಿಯುವಾಗ ಗಡುವು ಹಾಕಬಾರದೆಂಬ ತತ್ತ್ವವನ್ನು ನನಗೆ ಯಾವ ವಿಶ್ವವಿದ್ಯಾಲಯವೂ ಇಷ್ಟು ಸ್ಪಷ್ಟವಾಗಿ ಕಲಿಸಿರಲಿಲ್ಲ.

ಹೊರಡುವ ಮುಂಚೆ ಮುಖ್ಯವಾದ ಪ್ರಶ್ನೆ ಬಾಕಿಯಿತ್ತು. ಲೇಖನ ಪುಸ್ತಕವಾಗಿ ಮತ್ತೆ ಅಚ್ಚಾಗುತ್ತದೆ. ಗುರುತು ಸುಳ್ಳೆಂದು ತಿಳಿದ ಮೇಲೂ ಹಾಗೆಯೇ ಬಿಟ್ಟರೆ ನಾನು ಸಂಶೋಧಕನೇ ಅಲ್ಲ. ಹೇಳಿಬಿಟ್ಟರೆ ಅವರ ಮನೆಯ ಗುಟ್ಟಿಗೆ ಮತ್ತೆ ಏಟು ಬೀಳುತ್ತದೆಯೋ ಏನೋ. ಅವರನ್ನೇ ಕೇಳಿದೆ.

"ಧಾರಾಳ ಬರ್ಕಣಿ," ಎಂದರು. "ಅಲ್ಲ್ ಇಲ್ಲೆ ಅಂದೇಳಿ ಬರ್ಕಣಿ. ಎಲ್ಲಿತ್ತ್ ಅಂದೇಳಿ ನಿಮ್ಗೂ ಗೊತ್ತಿಲ್ಲೆ ಅಲ್ದಾ?"

ಆ ಅನುಮತಿಯ ಮೇರೆಗೆ ಈ ತಿದ್ದುಪಡಿಯನ್ನು ಬರೆಯುತ್ತಿದ್ದೇನೆ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ತಿದ್ದುಪಡಿಗೂ ಮೂಲ ಆಧಾರ ಬೇಕಲ್ಲ. ಮೂರು ಭೇಟಿ ಮಾಡಿ, ಕಣ್ಣು ಒದ್ದೆಯಾಗುವಷ್ಟು ಒತ್ತಾಯಿಸಿ ಕೇಳಿದರೂ ಒಬ್ಬ ಮನುಷ್ಯ ಅಷ್ಟು ಸಹಜವಾಗಿ ಸುಳ್ಳು ಹೇಳಿದ್ದು ಹೇಗೆಂಬ ಕುತೂಹಲದಿಂದ, ಟ್ರಂಕಿನ ತಳದಲ್ಲಿದ್ದ ಆ ವರ್ಷದ ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕವನ್ನು ಹುಡುಕಿ ತೆಗೆದೆ. ಸೂರಪ್ಪನವರ ಹೆಸರು ಅದರಲ್ಲಿ ಒಂದೇ ಕಡೆ ಇದೆ: 1997 ನವೆಂಬರ್ 23, ಭಾನುವಾರ, ಬೆಳಗ್ಗೆ ಹತ್ತೂವರೆಯಿಂದ ಹನ್ನೊಂದೂಕಾಲು. ಗುರುತು ಪೂರ್ತಿಯಾಗಿ ಅಲ್ಲಿಯೇ ಬರೆದಿದೆ. ಎರಡನೆಯ ಭೇಟಿಯಿಲ್ಲ. ಮೂರನೆಯದೂ ಇಲ್ಲ. ಸಂಚಿಕೆ ಅಚ್ಚಾಗುವವರೆಗೆ ನಾನು ಮತ್ತೆ ಆ ಕಡಲಂಚಿಗೆ ಹೋದ ದಾಖಲೆ ದಿನಚರಿಯಲ್ಲೂ ಸಿಗುವುದಿಲ್ಲ. ಕಣ್ಣೀರಿನ ಪ್ರಸ್ತಾಪ ಎಲ್ಲಿಯೂ ಇಲ್ಲ. ಪುಟದ ಅಂಚಿನಲ್ಲಿ, ಪೆನ್ಸಿಲಿನಲ್ಲಿ, ನಿಸ್ಸಂದೇಹವಾಗಿ ನನ್ನದೇ ಕೈಬರಹದಲ್ಲಿ ಹೀಗಿದೆ: "ಗುರುತು ಹೇಳುವಾಗ ತಾಂಡೇಲರು ಉದ್ದಕ್ಕೂ ನಗುತ್ತಿದ್ದರು. ಕಾರಣ ತಿಳಿಯಲಿಲ್ಲ. ವಿಚಾರಿಸಬೇಕು."